ಇಲ್ಲದ ಗ್ರಹದ ಸೆಳೆತ

ಬಚ್ಚಲಮನೆಯ ಹೊರಗಿನ ಒಗೆಯುವ ಕಲ್ಲಿನ ಮೇಲೆ ಅಮೂಲ್ಯಳನ್ನು ಕೂರಿಸಿ ನೀಲಾಂಬಿಕೆ ಅವಳ ನೆತ್ತಿಗೆ ಎಣ್ಣೆ ಒತ್ತುತ್ತಿದ್ದಳು. ಕೊಬ್ಬರಿ ಎಣ್ಣೆಗೆ ಎರಡು ಚಮಚ ಹರಳೆಣ್ಣೆ ಬೆರೆಸಿ ಬೆಚ್ಚಗೆ ಮಾಡಿದ್ದು. ಭಾನುವಾರದ ಎಣ್ಣೆನೀರು ಈ ಮನೆಗೆ ಹೊಸದೇನಲ್ಲ. ವಾರವಾರವೂ ಮಗಳು ಅಕ್ಷರಾಳ ತಲೆಯನ್ನು ಮೊಣಕಾಲಿಗೆ ಒತ್ತಿಹಿಡಿದು, ಅವಳ ಕಿರುಚಾಟ ಕೇಳುತ್ತ, ಅರ್ಧ ಮನಸ್ಸನ್ನು ಒಲೆಯ ಮೇಲಿನ ಬೇಳೆಯಲ್ಲಿಟ್ಟು ಮುಗಿಸುವ ಕೆಲಸ. ಇವತ್ತು ಮಾತ್ರ ಕೈ ಬೇರೆ ಯಾರದೋ ಕೈಯಂತೆ ನಿಧಾನವಾಗಿತ್ತು. ನೆತ್ತಿಯ ಹಿಂದೆ ಕೂದಲು ಸೀಳಿದಲ್ಲಿ ಎರಡು ಸುಳಿ ಕಂಡವು, ಒಂದು ಬಲಕ್ಕೆ ತಿರುಗಿದ್ದು, ಒಂದು ಎಡಕ್ಕೆ. ತನ್ನ ತಲೆಯಲ್ಲೂ ಹಾಗೇ ಇದೆ. ಮದುವೆಗೆ ಮುಂಚೆ ಅವ್ವ, "ಎರಡು ಸುಳಿ ಅಂತ ಯಾರ ಹತ್ರಾನೂ ಬಾಯಿ ಬಿಡಬೇಡ, ಎರಡು ಮದುವೆ ಅಂತಾರೆ" ಎಂದು ಜಡೆ ಬಿಗಿದು ಮುಚ್ಚುತ್ತಿದ್ದಳು. ಅಕ್ಷರಾಗೆ ಒಂದೇ ಸುಳಿ. ಇವಳಿಗೆ ಎರಡು ಬಂದಿದೆ ಎಂಬುದು ಇಷ್ಟು ವರ್ಷ ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ನೀಲಾಗೆ ಅನ್ನಿಸಿತು. ಐದು ತಿಂಗಳ ಕೂಸಿನ ತಲೆಯಲ್ಲಿ ಕೂದಲೇ ಅಷ್ಟಿರಲಿಲ್ಲ. ಬೆರಳು ಆ ಸುಳಿಯ ಮೇಲೆ ಒಂದು ಸುತ್ತು ಹೆಚ್ಚೇ ತಿರುಗಿತು.

"ಚಿಕ್ಕಮ್ಮ, ಒಂದು ಕೇಳ್ಲಾ?"

ಬೆರಳು ನಿಂತಿತು. "ಕೇಳು ಪುಟ್ಟಾ."

ಹುಡುಗಿ ತಲೆ ಎತ್ತಲಿಲ್ಲ. ಕಲ್ಲಿನ ಮೇಲೆ ಬಿದ್ದ ಎಣ್ಣೆಯ ಹನಿಯನ್ನು ಕಾಲಿನ ಹೆಬ್ಬೆರಳಿನಿಂದ ಉದ್ದಕ್ಕೆ ಎಳೆದಳು. "ಏನಿಲ್ಲ. ನಿಮ್ಮನೇಲಿ ಸಣ್ಣ ಮೊಳೆ ಇದಾವಾ? ಎರಡು ಸಾಕು."

ಅಷ್ಟರಲ್ಲಿ ನಡುಮನೆಯಲ್ಲಿ ಫೋನು ಹೊಡೆದುಕೊಂಡಿತು. ಅಕ್ಷರಾ ಎತ್ತಿ, "ಅಮ್ಮಾ, ದೊಡ್ಡಮ್ಮ! ಭದ್ರಾವತಿಯಿಂದ!" ಎಂದು ಕೂಗಿದಳು. ನೀಲಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿದಳು. ಯಾಕೆ ಓಡಬೇಕು? ವಿಮಲಮ್ಮ ಗಂಡನ ಅಣ್ಣನ ಹೆಂಡತಿ, ಅಕ್ಕ ಎಂದು ಕರೆಯುವುದು, ಗದರುವ ಹೆಂಗಸೂ ಅಲ್ಲ. ಆದರೂ ಆ ಫೋನು ಬಂದಾಗಲೆಲ್ಲ ಕದ್ದ ಸಾಮಾನು ಕೈಯಲ್ಲಿ ಹಿಡಿದು ನಿಂತವಳಂತೆ ಎದೆ ಹೊಡೆದುಕೊಳ್ಳುತ್ತದೆ.

"ನೀಲಾ, ಎದ್ಳಾ ನನ್ನ ಮಗಳು? ರಾತ್ರಿ ನಿದ್ದೆ ಮಾಡಿದ್ಳಾ? ಹೊಸ ಜಾಗ ಅಂದ್ರೆ ಹೊರಳಾಡ್ತಾಳೆ ಅವಳು. ಹೊದಿಕೆ ಕಿತ್ತು ಹಾಕ್ತಾಳೆ, ಎದ್ದು ನೋಡಿದ್ಯಾ?"

"ನೋಡ್ದೆ ಅಕ್ಕ." ಆ ಮಾತು ನಿಜವೇ. ಎದ್ದು ನೋಡಿದ್ದು ಒಂದು ಸಲವಲ್ಲ.

"ಮತ್ತೆ ಇವತ್ತು ಭಾನುವಾರ. ಎಣ್ಣೆ ಗಿಣ್ಣೆ ಅಂತ ಹೊರಡ್ಬೇಡ ಮಾರಾಯ್ತಿ. ಅವಳಿಗೆ ಎಣ್ಣೆನೀರು ಆಗಿಬರಲ್ಲ. ಮಾರನೇ ದಿನಾನೇ ಕೆಮ್ಮು, ಆಮೇಲೆ ಎದೆ ಗೊರಗೊರ. ನಾನು ಹಾಕೋದೇ ಬಿಟ್ಟುಬಿಟ್ಟಿದೀನಿ."

"ಇಲ್ಲ ಅಕ್ಕ, ಹಾಕಿಲ್ಲ" ಎಂದಳು ನೀಲಾ. ರಿಸೀವರ್ ಎಣ್ಣೆಗೈಯಿಂದ ಜಾರಿ ಕೆಳಗೆ ಬೀಳುವುದರಲ್ಲಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಹಿತ್ತಲಿಗೆ ಬಂದಾಗ ಹುಡುಗಿ ಇಟ್ಟ ಜಾಗದಲ್ಲೇ ಕೂತಿದ್ದಳು. ನಡುಮನೆಯ ಕಿಟಕಿ ಹಿತ್ತಲಿಗೇ ತೆರೆದಿತ್ತು. "ಹಾಕಿಲ್ಲ ಅಂದ್ರಿ ಅಮ್ಮನಿಗೆ" ಎಂದಳು. ದೂರಿನ ದನಿಯಲ್ಲ, ಹೌದೋ ಅಲ್ಲವೋ ಎಂದು ಲೆಕ್ಕ ಸರಿನೋಡಿಕೊಳ್ಳುವ ದನಿ. ನೀಲಾ ಹೂಂ ಎಂದಳು. "ಪರವಾಗಿಲ್ಲ ಬಿಡಿ. ನಾನೂ ಹೇಳಲ್ಲ." ಬೆಳಗಿನ ಬಿಸಿಲಲ್ಲಿ ನೀಲಾಳ ಮುಖ ಕಾದ ಹೆಂಚಿನಂತಾಯಿತು. ಈ ಮಗುವಿಗೆ ತಾನು ಕೈಯಾರೆ ಕಲಿಸಿದ್ದು ಏನಾದರೂ ಇದ್ದರೆ ಅದು ಈ ಸುಳ್ಳೊಂದೇ ಇರಬೇಕು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಇನ್ನೊಂದು ಮಾತು: ಎದೆ ಗೊರಗೊರ ಅನ್ನುವುದು. ತನ್ನ ಹೊಟ್ಟೆಯಲ್ಲಿ ಬೆಳೆದ ಎದೆಗೂಡು ಎಣ್ಣೆಗೆ ಒಗ್ಗುವುದೋ ಇಲ್ಲವೋ ತನಗೆ ಗೊತ್ತಿಲ್ಲ; ಹೆರದವಳಿಗೆ ಗೊತ್ತಿದೆ. ಹಂಡೆಯ ನೀರು ಸುರಿದು, ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ, ಎಣ್ಣೆಯ ಜಿಡ್ಡು ಪೂರಾ ಹೋಗುವವರೆಗೆ ತೊಳೆದು, ಬಿಸಿಲಲ್ಲಿ ಕೂರಿಸಿ ಟವೆಲಿನಲ್ಲಿ ತಲೆ ಒರೆಸಿ, ಎದೆಗೆ ಕಿವಿ ಕೊಡುವಂತೆ ಬಗ್ಗಿ ಬಗ್ಗಿ ನೋಡಿದಳು. ಸದ್ಯ, ಉಸಿರು ಸಲೀಸಾಗಿಯೇ ಇತ್ತು.

ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು. ಅಮೂಲ್ಯ ನೀಲಾಳ ಎರಡನೆಯ ಮಗಳು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಭಾವ ಶಿವರಾಜಪ್ಪನಿಗೂ ವಿಮಲಮ್ಮನಿಗೂ ಮಕ್ಕಳು ನಿಲ್ಲಲಿಲ್ಲ. ಹುಟ್ಟಿದ್ದೂ ಹೋಯಿತು, ಹುಟ್ಟದೆಯೂ ಹೋಯಿತು. ಭಾವನಿಗೆ ಇನ್ನೊಂದು ಮದುವೆ ಮಾಡುವ ಮಾತು ನೆಂಟರ ಬಾಯಲ್ಲಿ ಓಡಾಡತೊಡಗಿದಾಗ ಅತ್ತೆ ಕಲ್ಲಮ್ಮ ಒಂದು ಮಧ್ಯಾಹ್ನ ನೀಲಾ ಪಾತ್ರೆ ಬೆಳಗುತ್ತಿದ್ದಲ್ಲಿಗೆ ಬಂದು ನಿಂತಳು. "ನಿಂಗೆ ಹೊಟ್ಟೆ ಇದೆ ಕಣೇ, ಇನ್ನೊಂದಾಗುತ್ತೆ. ಅವಳಿಗೆ ಉಳಿದಿರೋದು ಬೆನ್ನ ಹಿಂದಿನ ಬಾವಿ ಒಂದೇ. ಏನಂತೀಯ?" ನಲ್ಲಿಯಲ್ಲಿ ನೀರು ಬಿಟ್ಟಿತ್ತು. ಕೈಯಲ್ಲಿ ಬೂದಿ ಇತ್ತು. ನೀಲಾ ಹೂಂ ಅಂದಳು. ಯೋಚಿಸಿ ಅಂದದ್ದಲ್ಲ; ಪ್ರಶ್ನೆ ಮುಗಿದ ಕಡೆ ಹೂಂ ಅನ್ನುವುದು ಆ ಮನೆಯಲ್ಲಿ ಅವಳಿಗೆ ಅಭ್ಯಾಸವಾಗಿತ್ತು, ಅಷ್ಟೇ. ಅಷ್ಟೇನಾ? ಅವಳೇ ಎಷ್ಟೋ ಸಲ ಪಾತ್ರೆ ಬೆಳಗುವ ಜಾಗಕ್ಕೆ ಹೋಗಿ ಕೂತು ಆ ಹೂಂ ಒಳಗೆ ಇನ್ನೇನಿತ್ತು ಎಂದು ಹುಡುಕಿದ್ದಾಳೆ. ಎರಡನೆಯದೂ ಹೆಣ್ಣೇ ಎಂದು ಬಂದವರೆಲ್ಲ ಬಾಯಿ ಚಪ್ಪರಿಸಿದ್ದು, ರಾತ್ರಿಯಿಡೀ ಅಳುತ್ತಿದ್ದ ಕೂಸು, ಸೆರಗು ಹಿಡಿದು ಬಿಡದ ಅಕ್ಷರಾ. ಅಕ್ಷರಾಗೆ ಆಗ ಎರಡು ವರ್ಷ, ಬಾಯಿತುಂಬ ಅಮ್ಮ ಅಮ್ಮ ಎನ್ನುತ್ತಿದ್ದಳು. ತೊಟ್ಟಿಲಿನದಕ್ಕೆ ಇನ್ನೂ ಮಾತು ಬಂದಿರಲಿಲ್ಲ. ಮಾತು ಬಾರದ್ದನ್ನು ಕೊಡುವುದು ಸುಲಭ ಎಂದು ಅವಳೊಳಗೆ ಯಾರೋ ಅಂದುಕೊಂಡಿದ್ದರು. ಕೊಟ್ಟು ಬಂದ ಸಂಜೆ ಹಾಲು ಕಟ್ಟಿಕೊಂಡು ಎದೆ ಕಲ್ಲಾದಾಗ ಕಲ್ಲಮ್ಮನೇ ಮಲ್ಲಿಗೆ ದಂಡೆ ತರಿಸಿ, ಎದೆಗೆ ಇಟ್ಟು, ಹಳೇ ಸೀರೆಯ ತುಂಡಿನಿಂದ ಬಿಗಿಯಾಗಿ ಕಟ್ಟಿದ್ದಳು. ಮಲ್ಲಿಗೆ ಹಾಲು ಬತ್ತಿಸುತ್ತದಂತೆ. ಬತ್ತಿಸಿತು. ಅಂದಿನಿಂದ ನೀಲಾ ಮಲ್ಲಿಗೆ ಮುಡಿಯುವುದಿಲ್ಲ. ಯಾರಾದರೂ ಕೇಳಿದರೆ ತಲೆನೋವು ಬರುತ್ತೆ ಅನ್ನುತ್ತಾಳೆ.

ಆಮೇಲೆ ಕಲ್ಲಮ್ಮ ಹೇಳಿದಂತೆ ಇನ್ನೊಂದು ಆಗಲಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತ ಅತ್ತೆಯ ಎದುರು ನೀಲಾ ಮಾತು ಕೊಟ್ಟಿದ್ದಳು, ಮಗುವಿಗೆ ತನ್ನ ಬಾಯಿಂದ ಗೊತ್ತಾಗುವುದಿಲ್ಲ ಎಂದು. ವಿಮಲಮ್ಮ ಕೇಳಿದ್ದೂ ಅದೊಂದೇ. "ನೀನು ಬಾ, ನೋಡು, ಎತ್ತಿಕೋ, ನಾನು ಬೇಡ ಅನ್ನಲ್ಲ. ಗೊತ್ತಾದ ದಿನ ಮಾತ್ರ ನಾನು ಅವಳನ್ನ ನಿಮ್ಮ ಹೊಸಿಲು ದಾಟಿಸಲ್ಲ ನೀಲಾ, ನನ್ನ ಕೈಲಾಗಲ್ಲ." ಬೆದರಿಸಿ ಅಂದದ್ದಾಗಿದ್ದರೆ ಸಿಟ್ಟಾದರೂ ಬರುತ್ತಿತ್ತು. ವಿಮಲಮ್ಮ ಅಳುತ್ತ ಅಂದಿದ್ದಳು. ಹೀಗೆ ಹಬ್ಬಕ್ಕೊಮ್ಮೆ, ಜ್ವರ ಬಂದಾಗೊಮ್ಮೆ, ಯಾರದಾದರೂ ಮದುವೆಯ ಚಪ್ಪರದಲ್ಲೊಮ್ಮೆ ಹತ್ತಿರ ಹೋಗುವುದು, ಒಂದು ಬಿಸಿಯುಸಿರು ತಾಗುವಷ್ಟು ಹತ್ತಿರ. ಮತ್ತೆ ತಿಂಗಳುಗಟ್ಟಲೆ ದೂರ. ಈ ಮನೆಯಿರುವ ವಿನೋಬನಗರದಿಂದ ಭದ್ರಾವತಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಆ ದೂರ ಮಾತ್ರ ಬೇರೆ ಯಾವುದೋ ಲೆಕ್ಕದ್ದು.

ಈ ಸಲ ಹುಡುಗಿ ಇಲ್ಲಿಗೆ ಬಂದದ್ದೇ ಒಂದು ಪವಾಡ. ಶಾಲೆಯ ವಿಜ್ಞಾನ ವಸ್ತುಪ್ರದರ್ಶನ. ಎಲ್ಲರೂ ಜ್ವಾಲಾಮುಖಿ, ಮಳೆನೀರು ಕೊಯ್ಲು ಎಂದು ಮಾಡುವಾಗ ಇವಳು ಬೇರೆ ನಕ್ಷತ್ರದ ಗ್ರಹಗಳ ಮಾದರಿ ಮಾಡುತ್ತೇನೆ ಎಂದು ಹಟ ಹಿಡಿದಿದ್ದಳು. ಏಪ್ರಿಲ್‌ನಲ್ಲಿ ಪೇಪರಿನಲ್ಲಿ ಬಂದ ಲೇಖನ ಕತ್ತರಿಸಿ ಇಟ್ಟುಕೊಂಡಿದ್ದಳಂತೆ. "ನಂಗೇನು ತಿಳಿಯುತ್ತೆ ಮಾರಾಯ್ತಿ, ನೀನು ಬಿಎಸ್ಸಿ ಓದಿದವಳು, ಎರಡು ದಿನ ಇಟ್ಕೊಂಡು ಮಾಡಿಸಿಕೊಡು, ಸೋಮವಾರ ಹೆಂಗೂ ರಜೆ" ಎಂದು ವಿಮಲಮ್ಮನೇ ಶನಿವಾರ ಸಂಜೆ ತಂದು ಬಿಟ್ಟಿದ್ದಳು. ಬಿಎಸ್ಸಿ ಎಂಬುದು ಈ ಮನೆಯಲ್ಲಿ ಹದಿನೈದು ವರ್ಷ ಯಾರ ಕೆಲಸಕ್ಕೂ ಬಾರದೆ ಅಟ್ಟದ ಮೇಲಿದ್ದ ಹಿತ್ತಾಳೆ ಪಾತ್ರೆ. ಈಗ ಹುಣಿಸೆಹಣ್ಣು ಹಾಕಿ ಬೆಳಗಿದಂತೆ ಇವಳ ಕಣ್ಣೆದುರು ಹೊಳೆಯಿತು. ನೀಲಾ ಎರಡು ರಾತ್ರಿ ಸಿಕ್ಕವು ಎಂದು ಎಣಿಸಿಕೊಂಡಳು.

ಜಗಲಿಯಲ್ಲಿ ಪ್ಲೈವುಡ್ ಹಲಗೆ ಹಾಕಿಕೊಂಡು ಇಬ್ಬರೂ ಕೂತರು. ನೀಲಾ ಎರಡು ಮೊಳೆ ಹೊಡೆದು, ದಾರದ ಕುಣಿಕೆ ಹಾಕಿ, ಪೆನ್ಸಿಲ್ಲನ್ನು ಕುಣಿಕೆಯೊಳಗಿಟ್ಟು ಬಿಗಿಯಾಗಿ ಎಳೆದು ತಿರುಗಿಸಿದಳು. ಉದ್ದನೆಯ ದುಂಡು ಮೂಡಿತು. ಹುಡುಗಿ ಉಸಿರು ಬಿಗಿಹಿಡಿದು ನೋಡಿದಳು.

"ಮೊಳೆ ಹತ್ರ ಹತ್ರ ಹೊಡೆದ್ರೆ?"

"ದುಂಡಗಾಗುತ್ತೆ, ಬಳೆ ಥರ. ದೂರ ಹೊಡೆದಷ್ಟೂ ಉದ್ದ, ಅವರೆಕಾಳಿನ ಥರ. ನಮ್ಮ ಭೂಮಿದು ಹೆಚ್ಚುಕಮ್ಮಿ ಬಳೆನೇ. ಇಲ್ಲಿ, ಈ ಒಂದು ಮೊಳೆ ಹತ್ರ ನಕ್ಷತ್ರ."

"ಇನ್ನೊಂದು ಮೊಳೆ ಹತ್ರ?"

"ಅಲ್ಲೇನೂ ಇರಲ್ಲ. ಖಾಲಿ."

ಹುಡುಗಿ ಆ ಖಾಲಿ ಮೊಳೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದಳು. ಒಳಗಿನಿಂದ ವಿಭೂತಿ ಇಟ್ಟುಕೊಂಡು ಹೊರಬಂದ ಕಲ್ಲಮ್ಮ ಕನ್ನಡಕ ಸರಿಸಿ ಹಲಗೆಯ ಮೇಲೆ ಬಗ್ಗಿದಳು. "ಅಲ್ಲೇ, ನಮ್ಮ ಒಂಬತ್ತು ಗ್ರಹದ ಕಾಟವೇ ಸಾಕಾಗಿ ಹೋಗಿದೆ. ಇನ್ನು ಪಕ್ಕದ ನಕ್ಷತ್ರದವನ್ನೂ ಕರ್ಕೊಂಡು ಬಂದು ಜಗಲೀಲಿ ಕೂರಿಸಿದ್ರಾ?" ಎಂದು ತಾನೇ ನಕ್ಕು ಹೂ ಕೊಯ್ಯಲು ಹೋದಳು. ಅಮೂಲ್ಯಳೂ ನಕ್ಕಳು. ನಗುವಾಗ ಕೆಳದುಟಿ ಎಡಕ್ಕೆ ಸರಿಯುವುದು ನೀಲಾಳ ಗಂಡ ರುದ್ರೇಶನದೇ. ಅವನು ಅಷ್ಟರಲ್ಲಿ ತನ್ನ ಮೋಟಾರ್ ವೈಂಡಿಂಗ್ ಅಂಗಡಿಗೆ ಹೊರಟವನು, ಜಗಲಿಯ ಮೇಲೆ ಒಂದು ಹಿಡಿ ತಾಮ್ರದ ತಂತಿ ಇಟ್ಟ. ದಪ್ಪದ್ದು, ಸಣ್ಣದು, ಕೆಂಪು ವಾರ್ನಿಷಿನದು. "ಪೆನ್ಸಿಲ್ ಗೆರೆ ದೂರಕ್ಕೆ ಕಾಣಲ್ಲ. ಅದರ ಮೇಲೆ ಇದನ್ನ ಕೂರಿಸು" ಎಂದು ನೀಲಾಗೆ ಹೇಳಿದ. "ಥ್ಯಾಂಕ್ಸ್ ಚಿಕ್ಕಪ್ಪ" ಎಂದಳು ಹುಡುಗಿ. ಅವನು ಶಾಕ್ ಹೊಡೆದವನಂತೆ ತಲೆ ಆಡಿಸಿ ಸ್ಕೂಟರಿನ ಕಡೆ ನಡೆದ. ಅಣ್ಣನ ಎದುರು ಅವನು ಒಂದು ದಿನವೂ ಈ ಮಾತೆತ್ತಿದವನಲ್ಲ, ನೀಲಾಳ ಎದುರೂ ಅಷ್ಟೇ. ವರ್ಷಗಳಿಂದ ಅವನ ಭಾನುವಾರಗಳೆಲ್ಲ ಯಾರದೋ ತೋಟದ ಸುಟ್ಟುಹೋದ ಪಂಪಿಗೇ ಮೀಸಲು.

ಅಮೂಲ್ಯ ಪೇಪರ್ ತುಂಡು ಬಿಚ್ಚಿ ಓದಿದಳು. ದೇವಯಾನಿ ನಕ್ಷತ್ರಪುಂಜದ ಒಂದು ನಕ್ಷತ್ರ. ಅದಕ್ಕೆ ಮೂರು ಗ್ರಹ ಕಂಡಿವೆ. ಕಂಡಿವೆ ಅಂದರೆ ಕಣ್ಣಿಗಲ್ಲ, ಅವುಗಳ ಸೆಳೆತಕ್ಕೆ ನಕ್ಷತ್ರ ಅಲುಗುವುದು ಕಂಡದ್ದು. ಒಳಗಿನದು ನಕ್ಷತ್ರಕ್ಕೆ ಅಂಟಿಕೊಂಡಂತೆ ನಾಲ್ಕೂವರೆ ದಿನಕ್ಕೊಂದು ಸುತ್ತು, ದುಂಡು ದಾರಿ. ನಡುವಿನದೂ ಹೊರಗಿನದೂ ಉದ್ದನೆಯ ದಾರಿಯವು.

"ಒಳಗಿಂದು ಅಷ್ಟು ಹತ್ರ ಹೆಂಗೆ ಹುಟ್ತು ಚಿಕ್ಕಮ್ಮ? ಸುಟ್ಟೇ ಹೋಗಲ್ವಾ?"

"ಅಷ್ಟು ದೊಡ್ಡದು ಅಲ್ಲಿ ಹುಟ್ಟೋಕಾಗಲ್ಲ ಅಂತಾರೆ. ಹುಟ್ಟಿದ್ದು ದೂರದ ತಣ್ಣನೆ ಜಾಗದಲ್ಲಿ. ಆಗ ನಕ್ಷತ್ರದ ಸುತ್ತ ಅನಿಲ, ದೂಳು ಎಲ್ಲ ತಟ್ಟೆ ಥರ ತಿರುಗ್ತಿರುತ್ತಲ್ಲ, ಅದು ಎಳ್ಕೊಂಡು ಎಳ್ಕೊಂಡು ಒಳಗೆ ತಂದುಬಿಡುತ್ತೆ. ಒಳಗೆ ಬಂದ ಮೇಲೆ ನಕ್ಷತ್ರನೇ ಅದರ ದಾರೀನ ದುಂಡಗೆ ಮಾಡಿ ಹಿಡ್ಕೊಳ್ಳುತ್ತೆ. ಆಮೇಲೆ ಅದರ ಒಂದೇ ಮುಖ ಯಾವಾಗ್ಲೂ ಬೆಂಕಿ ಕಡೆ."

"ವಾಪಸ್ ಹೋಗಕ್ಕಾಗಲ್ವಾ?"

"ಇಲ್ಲ" ಎಂದಳು ನೀಲಾ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಎದ್ದು ಹೋಗಿ ಒಲೆ ಸಣ್ಣ ಮಾಡಿ, ಒಂದು ಗಳಿಗೆ ಅಲ್ಲೇ ನಿಂತಳು. ಕಿಟಕಿಯಿಂದ ಜಗಲಿಯ ಅಂಚು ಕಾಣುತ್ತಿತ್ತು. ಹುಡುಗಿಯ ಬೆನ್ನು, ಒದ್ದೆ ಕೂದಲು, ಹಲಗೆಯ ಮೇಲೆ ಬಗ್ಗಿದ ಕುತ್ತಿಗೆ. ಇದನ್ನು ಹೀಗೇ ನೋಡುತ್ತ ನಿಂತರೆ ಯಾರಿಗೆ ನಷ್ಟ? ಆದರೆ ಕಲ್ಲಮ್ಮ ಹೂಬುಟ್ಟಿ ಹಿಡಿದು ಒಳಬಂದವಳು ಸೊಸೆಯ ಕಣ್ಣು ಹೋದ ದಾರಿಯನ್ನು ನೋಡಿದಳು. ನೀಲಾ ಹಿಟ್ಟಿನ ಡಬ್ಬಿ ತೆಗೆದಳು.

ಮತ್ತೆ ಬಂದು ಕೂತಾಗ ಹುಡುಗಿ ಕಾಯುತ್ತಿದ್ದಳು. "ಮೊದಲು ಅಲ್ಲಿ ನಾಲ್ಕು ಇದ್ವಂತೆ ಅಲ್ವಾ? ಒಂದು ಓಡಿಹೋಯ್ತಂತೆ."

"ಓಡಿಹೋಗಿದ್ದಲ್ಲ. ಹೊರಗಿಂದೂ ಅದೂ ತೀರಾ ಹತ್ರ ಬಂದ್ವು. ಒಂದನ್ನೊಂದು ಎಳೆದಾಡಿದ್ವು. ಒಂದು ದೂರ ಚಿಮ್ಮಿ ಹೋಯ್ತು, ನಕ್ಷತ್ರ ಬಿಟ್ಟೇ ಹೋಯ್ತು. ಉಳಿದಿದ್ದು ಆ ಏಟಿಗೆ ಉದ್ದ ದಾರಿಗೆ ಬಿತ್ತು."

"ಆ ನಾಲ್ಕನೇದನ್ನ ಯಾರೂ ನೋಡಿಲ್ಲ ಅಲ್ವಾ?"

"ಯಾರೂ ನೋಡಿಲ್ಲ."

"ಮತ್ತೆ ಇತ್ತು ಅಂತ ಹೆಂಗೆ ಗೊತ್ತಾಯ್ತು?"

"ಉಳಿದವುಗಳ ದಾರಿ ನೋಡಿ. ಸುಮ್ಮಸುಮ್ಮನೆ ಯಾವುದೂ ಹಂಗೆ ಸೊಟ್ಟ ತಿರುಗಲ್ಲ. ಹಿಂದಕ್ಕೆ ಹಿಂದಕ್ಕೆ ಲೆಕ್ಕ ಮಾಡ್ತಾ ಹೋದ್ರೆ ಅಲ್ಲೊಂದು ಇರಲೇಬೇಕಿತ್ತು ಅಂತ ಬರುತ್ತೆ."

ಹುಡುಗಿ ಪೇಪರಿನ ಕೊನೆಯ ಸಾಲುಗಳ ಮೇಲೆ ಬೆರಳಿಟ್ಟಳು. ಅದು ತನಗೆ ತಿಳಿಯುತ್ತಿಲ್ಲ ಎಂದಳು. ನೀಲಾ ಓದಿದಳು. ಆ ಏಟು ನಿಧಾನವಾಗಿ ಬಿದ್ದದ್ದಲ್ಲ, ಒಂದೇ ಸಲಕ್ಕೆ ಬಿದ್ದದ್ದು ಎಂದು ವಿಜ್ಞಾನಿಗಳು ಹೇಗೆ ಕಂಡುಹಿಡಿದರು ಎಂಬ ಭಾಗ ಅದು. ನಡುವಿನ ಗ್ರಹದ ದಾರಿ ಸದಾ ಉದ್ದಕ್ಕೆ ಇರುವುದಿಲ್ಲ. ಹೊರಗಿನದರ ಎಳೆತದಲ್ಲಿ ಉದ್ದವಾಗುತ್ತ ಹೋಗಿ, ಏಳು ಸಾವಿರ ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ದುಂಡು ದಾರಿಗೆ ಮರಳುತ್ತದೆ. ಏಟು ಬೀಳುವ ಮುಂಚೆ ಅದು ಹೇಗಿತ್ತೋ ಹಾಗೆ. ಮತ್ತೆ ಉದ್ದವಾಗುತ್ತದೆ. ಮೆಲ್ಲಗೆ ತಳ್ಳಿದ್ದರೆ ಆ ಮೊದಲಿನ ಆಕಾರ ಅಳಿಸಿಯೇ ಹೋಗುತ್ತಿತ್ತು. ಒಮ್ಮೆಗೇ ಬಿದ್ದದ್ದರಿಂದ ಅದಕ್ಕೆ ಇನ್ನೂ ನೆನಪಿದೆ.

ಇದನ್ನು ಹೇಳುತ್ತ ಹೇಳುತ್ತ ನೀಲಾಳ ದನಿ ಸಣ್ಣದಾಯಿತು. ಹೂಂ ಅನ್ನಲು ಎಷ್ಟು ಹೊತ್ತು ಬೇಕು? ಬಟ್ಟಲು ಕೈಜಾರುವಷ್ಟು. ನಿನ್ನೆ ರಾತ್ರಿ ಹೊದಿಕೆ ಎಳೆಯಲು ಎದ್ದವಳು ಅಕ್ಕಪಕ್ಕ ಮಲಗಿದ್ದ ಇಬ್ಬರನ್ನೂ ನೋಡುತ್ತ, ಅಕ್ಷರಾಳ ಕೈ ಅಮೂಲ್ಯಳ ಹೊಟ್ಟೆಯ ಮೇಲೆ ಬಿದ್ದಿರುವುದನ್ನು ನೋಡುತ್ತ, ಏನೂ ಆಗಿಯೇ ಇಲ್ಲವೆಂಬಂತೆ, ಪಾತ್ರೆ ಬೆಳಗುವಲ್ಲಿಗೆ ಆವತ್ತು ಯಾರೂ ಬಂದೇ ಇಲ್ಲವೆಂಬಂತೆ ನಿಂತಿದ್ದಳು. ಅಕ್ಷರಾ ನಿದ್ದೆಗಣ್ಣಲ್ಲಿ, "ಅಮ್ಮಾ, ಲೈಟ್ ಆರ್ಸು" ಎಂದಿದ್ದಳು.

"ನೆನಪು ಅಂದ್ರೆ ಕಲ್ಲಿಗೂ ಇರುತ್ತಾ ಚಿಕ್ಕಮ್ಮ?" ಎಂದಳು ಹುಡುಗಿ. ನೀಲಾ ತಾಮ್ರದ ತಂತಿಯನ್ನು ಗೆರೆಯ ಮೇಲೆ ಬಾಗಿಸತೊಡಗಿದಳು.

ಊಟಕ್ಕೆ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಯಾವುದೋ ಮದುವೆಯಲ್ಲಿ ಅಮೂಲ್ಯ ಎಣ್ಣೆಗಾಯಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡದ್ದು ನೀಲಾಗೆ ಮರೆತಿರಲಿಲ್ಲ. ಅಕ್ಷರಾ ತಟ್ಟೆ ನೋಡಿ ಮೂತಿ ಉದ್ದ ಮಾಡಿದಳು. ಅವಳಿಗೆ ಬದನೆಕಾಯಿ ಅಂದರೆ ಆಗದು. ಬೆಳಗ್ಗೆಯಿಂದ ಅವಳೊಳಗೆ ಕುದಿಯುತ್ತಿದ್ದದ್ದು ಅಲ್ಲಿ ಉಕ್ಕಿತು. "ಅವಳಿಗಾದ್ರೆ ಎಣ್ಣೆ ಹಚ್ಚಿ, ತಲೆ ಒರೆಸಿ, ಹಲಗೆ ಮೇಲೆ ಕೂರಿಸ್ಕೊಂಡು ಪಾಠ. ನನ್ನ ಜಡೆ ಯಾರೂ ಹಾಕಿಲ್ಲ ಇವತ್ತು. ನನ್ನನ್ನೇನು ತೌಡು ಕೊಟ್ಟು ತಂದಿದ್ದೇನಮ್ಮ?"

ಎಷ್ಟು ಸಲ ಈ ಮಾತು ಈ ಮನೆಯಲ್ಲಿ ಬಂದುಹೋಗಿಲ್ಲ. ಯಾವ ಮನೆಯಲ್ಲಿ ಬಂದುಹೋಗಿಲ್ಲ. ಹಟ ಮಾಡಿದ ಮಗುವಿಗೆ ಎಲ್ಲ ತಾಯಂದಿರೂ ಅನ್ನುವುದೇ ಅದು. ನೀಲಾ ರೊಟ್ಟಿ ಮಗುಚುತ್ತಿದ್ದವಳು ತಿರುಗಿ ಕೂಡ ನೋಡದೆ, "ಮತ್ತೇನು ಅಂದ್ಕೊಂಡೆ? ಗಾಂಧಿಬಜಾರಲ್ಲಿ ಒಂದು ಸೇರು ತೌಡು ಕೊಟ್ಟು ತಂದಿದ್ದು ನಿನ್ನ. ಅದೂ ಮುಗ್ಗಲು ತೌಡು!" ಎಂದಳು. ಅನ್ನುವಾಗ ಅವಳಿಗೆ ಖುಷಿಯೇ ಆಗಿತ್ತು. ಇಬ್ಬರು ಹುಡುಗಿಯರು ಕೂತು ಉಣ್ಣುವ ಮನೆಯ ತಾಯಿಯ ಮಾತು ಅದು, ಆ ದನಿಯೂ ಹಾಗೇ ಬಂದಿತ್ತು. ಆಮೇಲೆ ಹೆಂಚಿನ ಮೇಲೆ ಕೈ ಹಾಗೇ ನಿಂತಿತು. ಹಿಂದೆ ಕಲ್ಲಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ಅಕ್ಷರಾ ನಕ್ಕಳು. ಅಮೂಲ್ಯಳೂ ನಕ್ಕಳು, ಸ್ವಲ್ಪ ತಡವಾಗಿ.

"ನಮ್ಮ ಕ್ವಾರ್ಟರ್ಸಲ್ಲೂ ಎಲ್ರ ಮನೇಲೂ ಹಂಗೇ ಅಂತಾರೆ" ಎಂದಳು, ತಟ್ಟೆ ನೋಡುತ್ತ. "ಪಕ್ಕದ್ಮನೆ ಸೆಲ್ವಿಗೆ ಅವರಮ್ಮ ತಮಿಳಲ್ಲಿ ಅಂತಾರೆ, ಅವರಲ್ಲೂ ತೌಡೇ ಅಂತೆ. ಎದುರುಮನೆ ತೆಲುಗಿನೋರೂ ಅಂತಾರೆ. ನಂಗೊಬ್ಬಳಿಗೇ ಅಮ್ಮ ಯಾವತ್ತೂ ಅಂದಿಲ್ಲ. ಎಷ್ಟು ಹಟ ಮಾಡಿದ್ರೂ ಅಂದಿಲ್ಲ. ಒಂದ್ಸಲ ನಾನೇ ಕೇಳ್ದೆ, ನನ್ನನ್ನೂ ತೌಡು ಕೊಟ್ಟೇ ತಂದ್ಯೇನಮ್ಮ ಅಂತ, ತಮಾಷೆಗೆ. ಅಮ್ಮ ಎದ್ದು ಒಳಗೆ ಹೋಗ್ಬಿಟ್ರು. ಆಮೇಲೆ ಎಷ್ಟೊತ್ತಾದ್ರೂ ಬರ್ಲೇ ಇಲ್ಲ."

ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಎದ್ದಿತು. "ಊಟ ಮಾಡ್ವಾಗ ಮಾತೆಷ್ಟೇ" ಎಂದಳು ಕಲ್ಲಮ್ಮ, ಯಾರಿಗೆ ಎಂದು ತಿಳಿಯದ ಹಾಗೆ. ಹುಡುಗಿ ಎಣ್ಣೆಗಾಯಿಯನ್ನು ಒಂದೇ ಸಲ ಹಾಕಿಸಿಕೊಂಡು ಎದ್ದಳು.

ಆಡದ ಮಾತಿಗೂ ಒಂದು ಸೆಳೆತ ಇರುತ್ತದೆಂದು ಯಾರಿಗೆ ಗೊತ್ತಿತ್ತು? ಹೆಸರು, ಶಾಲೆಯ ದಾಖಲೆ, ಆಸ್ಪತ್ರೆ, ನೆಂಟರ ಬಾಯಿ, ಎಲ್ಲವನ್ನೂ ವಿಮಲಮ್ಮ ಮುಚ್ಚಿದ್ದಳು. ಒಂದು ತಮಾಷೆ ಮಾತ್ರ ಅವಳ ಬಾಯಿಗೆ ಬರಲಿಲ್ಲ. ಬರುವುದು ಸಾಧ್ಯವೇ ಇರಲಿಲ್ಲ. ಪಾಪ, ಆ ಹೆಂಗಸು ಎದ್ದುಹೋಗಿ ಒಳಗಿನ ಕೋಣೆಯಲ್ಲಿ ಯಾವ ಗೋಡೆಗೆ ಮುಖ ಮಾಡಿ ನಿಂತಿದ್ದಳೋ. ನೀಲಾಗೆ ಮೊದಲ ಬಾರಿಗೆ ಅವಳ ಮೇಲೆ ಒಡಹುಟ್ಟಿದವಳ ಮೇಲೆ ಬರುವಂಥ ಮರುಕ ಬಂತು. ಅದರ ಬೆನ್ನಿಗೇ ಇನ್ನೊಂದು ಬಂತು. ಎಲ್ಲೋ ಆಳದಲ್ಲಿ, ಗೊತ್ತಾಗಲಿ ಎಂದೇ ತಾನು ಆ ಮಾತು ಅಂದೆನೇ? ಇಲ್ಲ, ಅಭ್ಯಾಸಬಲ. ಹೂಂ ಅಂದದ್ದೂ ಅಭ್ಯಾಸಬಲವೇ ಆಗಿತ್ತಲ್ಲ.

ಕಲ್ಲಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ನಿಂತಳು. ಬೈಯುತ್ತಾಳೆ ಎಂದುಕೊಂಡಿದ್ದಳು ನೀಲಾ. ಅತ್ತೆಯ ಮುಖದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಮುದುಕಿ ಒಮ್ಮೆಗೇ ಸಣ್ಣವಳಾದಂತಿದ್ದಳು. "ಆ ಹುಡುಗಿ ಕಣ್ಣು ನೋಡಿದ್ಯಾ? ಇನ್ನೊಂದು ರಾತ್ರಿ ಇಲ್ಲಿದ್ರೆ ಕೇಳೇ ಕೇಳ್ತಾಳೆ. ನೀನು ತಡ್ಕೊಳ್ಳಲ್ಲ, ನಂಗೊತ್ತು. ಇವತ್ತೇ ಬಿಟ್ಟು ಬಾ."

"ಹಲಗೆ ಕೆಲಸ ಇನ್ನೂ..."

"ಎಷ್ಟಾಗಿದೆಯೋ ಅಷ್ಟು. ಮಗು ಬೇಕಾ, ಹಲಗೆ ಬೇಕಾ? ಅವಳಿಗೆ ಗೊತ್ತಾದ್ರೆ ವಿಮಲ ಇನ್ನು ಕಳ್ಸಲ್ಲ. ಹಬ್ಬಕ್ಕೂ ಕಳ್ಸಲ್ಲ. ವಿಮಲ ಸಾಯೋದೊಂದು ಬಾಕಿ." ಕಲ್ಲಮ್ಮ ಏನೋ ಹೇಳಹೊರಟು ನಿಲ್ಲಿಸಿ, ನೀಲಾಳ ಕೈಯಿಂದ ಸೀದ ರೊಟ್ಟಿ ತೆಗೆದುಕೊಂಡು ತಾನೇ ತಟ್ಟೆಗೆ ಹಾಕಿಕೊಂಡಳು. "ನಾನು ಮಾಡಿದ್ದು ಸರಿ ಅಂತ ಹೇಳ್ತಿಲ್ಲ ಕಣೇ. ಈಗ ಏನ್ಮಾಡಕ್ಕಾಗುತ್ತೆ ಹೇಳು."

ಅದಕ್ಕೂ ನೀಲಾಳ ಬಾಯಲ್ಲಿ ಬಂದದ್ದು ಹೂಂ.

ಮೂರು ಗಂಟೆಗೆಲ್ಲ ಇಬ್ಬರೂ ಭದ್ರಾವತಿಯ ಬಸ್ಸಿನಲ್ಲಿದ್ದರು. ಮನೆಯಲ್ಲಿ ಯಾರೋ ನೆಂಟರು ಬರುತ್ತಾರಂತೆ ಎಂದು ಹುಡುಗಿಗೆ ಹೇಳಿದ್ದಾಯಿತು. ಅವಳು ಯಾರು ಎಂದು ಕೇಳಲಿಲ್ಲ. ಹಲಗೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ಮೊಣಕಾಲುಗಳ ನಡುವೆ ಹಿಡಿದುಕೊಂಡು ಕಿಟಕಿಯ ಪಕ್ಕ ಕೂತಳು. ಎರಡು ದಾರಿಗೆ ತಂತಿ ಕೂರಿಸಿಯಾಗಿತ್ತು, ಮೂರನೆಯದು ಇನ್ನೂ ಪೆನ್ಸಿಲ್ ಗೆರೆಯೇ. ಬಸ್ಸು ತುಂಬಿತ್ತು. ಕಂಡಕ್ಟರ್ ಜನರ ನಡುವೆ ತೂರಿಕೊಂಡು ಬಂದ. "ಏನಮ್ಮಾ, ಹಲಗೆಗೂ ಒಂದು ಸೀಟು ಬೇಕಾ? ಅದಕ್ಕೂ ಟಿಕೆಟ್ ಹರೀಬೇಕಾಗುತ್ತೆ ನೋಡಿ. ಮಗಳಿಗೆ ಎಷ್ಟು ವಯಸ್ಸು? ಹಾಫಾ?"

"ಹನ್ನೊಂದು" ಎಂದಳು ನೀಲಾ.

"ನೋಡಕ್ಕೆ ಹದಿಮೂರು ಇದ್ದಂಗಿದಾಳೆ. ಆಯ್ತು ಬಿಡಿ, ತಾಯಿ ಸುಳ್ಳು ಹೇಳಲ್ಲ" ಎಂದು ಅವನು ನಗುತ್ತ ಒಂದೂವರೆ ಟಿಕೆಟ್ ಹರಿದ. ಹನ್ನೊಂದು ಎಂಬ ಒಂದು ಪದದೊಳಗೆ ಅವಳು ಏನೇನನ್ನು ಅಲ್ಲಗಳೆಯದೆ ಬಿಟ್ಟಳು ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು. ಗುರುತು ಪರಿಚಯವಿಲ್ಲದ ಜನರ ನಡುವೆ, ಒಂದು ಬಸ್ಸಿನೊಳಗೆ, ಅವಳು ಆ ಮಾತನ್ನು ಹಾಗೇ ನಿಲ್ಲಲು ಬಿಟ್ಟಳು. ಹುಡುಗಿ ಕಿಟಕಿಯಿಂದ ಮುಖ ತಿರುಗಿಸಿ ಅವಳನ್ನು ನೋಡಿದಳು. ಮತ್ತೆ ಕಿಟಕಿಗೆ ತಿರುಗಿದಳು. ಮಾಚೇನಹಳ್ಳಿ ಹೋಯಿತು. ಬಸ್ಸಿನ ಸದ್ದು ದೊಡ್ಡದಿತ್ತು. ಮುಂದಿನ ಸೀಟಿನ ಹೆಂಗಸಿನ ಮಾತು ಕೂಡ ಕೇಳಿಸುತ್ತಿರಲಿಲ್ಲ. ಈ ಸದ್ದು ಇರುವವರೆಗೆ ತಾನು ಉಳಿದೆ ಎಂದುಕೊಂಡಳು ನೀಲಾ. ಅಷ್ಟರಲ್ಲಿ ಮನಸ್ಸಿನಲ್ಲೇ ಉತ್ತರಗಳನ್ನು ಜೋಡಿಸಿದಳು. ಅಮ್ಮನಿಗೆ ತಮಾಷೆ ಮಾಡಲು ಬರುವುದಿಲ್ಲ, ಅಷ್ಟೇ ಪುಟ್ಟಾ. ನೀನು ತಡವಾಗಿ ಹುಟ್ಟಿದವಳಲ್ವಾ, ಅದಕ್ಕೆ ಅವರಿಗೆ ಮುದ್ದು ಜಾಸ್ತಿ. ಯಾವುದೂ ನಿಲ್ಲಲಿಲ್ಲ. ಸುಳ್ಳು ಹೇಳಿದರೆ ಹುಡುಗಿ ಅದನ್ನು ನಂಬುವುದಿಲ್ಲ, ನಂಬಿದಂತೆ ಇರುತ್ತಾಳೆ. ಜೀವನಪೂರ್ತಿ ಹಾಗೇ ಇರುತ್ತಾಳೆ. ನಿಜ ಹೇಳಿದರೆ ವಿಮಲಮ್ಮ ಬಾಗಿಲು ಹಾಕುತ್ತಾಳೆ. ಏನೂ ಹೇಳದಿದ್ದರೆ, ಈಗ ಇರುವುದೇ ಅದು. ಯಾವ ಕಡೆ ಹೆಜ್ಜೆ ಇಟ್ಟರೂ ತಿರುಗಿ ಅದೇ ಜಾಗ.

ಕಡದಕಟ್ಟೆ ರೈಲ್ವೆ ಗೇಟು ಬಿದ್ದಿತ್ತು. ಸಾಲಿನಲ್ಲಿ ನಿಂತ ಲಾರಿಗಳ ಹಿಂದೆ ಬಸ್ಸು ಬಂದು ನಿಂತಿತು. ಇಷ್ಟು ದಾಟಿದರೆ ಮುಂದಿನ ಸ್ಟಾಪಿನಲ್ಲಿ ವಿಮಲಮ್ಮ ಕಾಯುತ್ತಿರುತ್ತಾಳೆ, ಫೋನು ಮಾಡಿದಾಗಿನಿಂದ ನಿಂತೇ ಇರುತ್ತಾಳೆ. ರೈಲು ಇನ್ನೂ ಕಾಣುತ್ತಿರಲಿಲ್ಲ. ಡ್ರೈವರ್ ಬಗ್ಗಿ ನೋಡಿ, ಬೀಡಿ ಬಾಯಿಗಿಟ್ಟುಕೊಂಡು, ಇಂಜಿನ್ ಆರಿಸಿದ.

ಒಮ್ಮೆಗೇ ಎಷ್ಟೊಂದು ನಿಶ್ಶಬ್ದವಾಯಿತೆಂದರೆ ಹಿಂದಿನ ಸೀಟಿನ ಮಗು ಪೆಪ್ಪರಮಿಂಟು ಚೀಪುವುದು ಕೂಡ ಕೇಳಿಸಿತು. ಎಲ್ಲರೂ ತಮ್ಮ ಮಾತು ಅರ್ಧಕ್ಕೆ ನಿಲ್ಲಿಸಿದ್ದರು, ಸದ್ದಿನಲ್ಲಿ ಕೂಗುತ್ತಿದ್ದವರು ಸದ್ದು ಹೋದಾಗ ನಾಚಿಕೊಂಡು ಸುಮ್ಮನಾಗುವಂತೆ. ಅಮೂಲ್ಯ ಹಲಗೆಯ ಮೇಲಿನ ಪೇಪರನ್ನು ಉಗುರಿನಿಂದ ಕೆರೆಯುತ್ತಿದ್ದಳು. ಕೆರೆಯುವುದು ನಿಂತಿತು. ನೀಲಾಗೆ ಗೊತ್ತಾಯಿತು. ಏನಾದರೂ ಮಾತಾಡಬೇಕು, ಹೊರಗೆ ಸೌತೆಕಾಯಿ ಮಾರುವವನನ್ನು ಕರೆಯಬೇಕು ಎಂದು ಕಿಟಕಿಯ ಕಡೆ ಬಗ್ಗಿದಳು.

"ಚಿಕ್ಕಮ್ಮ" ಎಂದಳು ಹುಡುಗಿ. ಈ ಸಲ ಒಂದು ಕೇಳ್ಲಾ ಎಂದು ಕೇಳಲಿಲ್ಲ. ಅವಳ ದನಿಯಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಸ್ಸಿನವರೆಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿತ್ತು. ಅವಳು ನೀಲಾಳ ಕಣ್ಣನ್ನೇ ನೋಡುತ್ತಿದ್ದಳು.

"ಅಕ್ಷರಕ್ಕನ್ನ ಯಾಕೆ ಕೊಡ್ಲಿಲ್ಲ?"